ಆಟಕ್ಕೆ ಹೆದರಿದ ಮಕ್ಕಳು

ಮೂರು ತಿಂಗಳ ತಿರುಗಾಟ ಮುಗಿಸಿ ಮುಪ್ಪಿನಯ್ಯನವರು ಆಶ್ರಮಕ್ಕೆ ಮರಳಿದರು. ಹರಿಗೋಲು ದಡಕ್ಕೆ ತಾಗಿತು.

ದಡದ ಮೇಲೆ ಮಕ್ಕಳು ಕೈಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ಗುರುಗಳನ್ನು ಕಂಡರೂ ಒಬ್ಬರೂ ಅಲುಗಾಡಲಿಲ್ಲ.

ಸಾಲಿನ ಕೊನೆಯಲ್ಲಿ ಶಿಷ್ಯ ಶಿವಲೆಂಕ ನಿಂತಿದ್ದ. ಗುರುಗಳಿಲ್ಲದಾಗ ಆಶ್ರಮದ ಶಾಲೆ ನಡೆಸಿದವನು ಅವನೇ. ಮುಖದಲ್ಲಿ ಹೆಮ್ಮೆ ತುಂಬಿತ್ತು. ಹೆಮ್ಮೆ ಬಂದಾಗ ಕಣ್ಣು ಸ್ವಲ್ಪ ಮಂಜಾಗುವುದು ದೊಡ್ಡವರಿಗೂ ಇದ್ದದ್ದೇ. ಇವನಿಗಿನ್ನೂ ಇಪ್ಪತ್ತನಾಲ್ಕು.

“ಬುದ್ಧಿ, ನೂರು ಪದ್ಯ ಬಾಯಿಪಾಠ. ಮಗ್ಗಿ ಇಪ್ಪತ್ತರ ತನಕ. ಯಾರನ್ನ ಬೇಕಾದ್ರೂ ಕೇಳಿ, ಒಂದಕ್ಷರ ತಪ್ಪಲ್ಲ.”

ಮುಪ್ಪಿನಯ್ಯನವರು ಪದ್ಯ ಕೇಳಲಿಲ್ಲ. ಒಂದೊಂದೇ ಮುಖ ನೋಡುತ್ತ ಸಾಲಿನ ಉದ್ದಕ್ಕೂ ನಡೆದರು. ಮಕ್ಕಳ ಕೆನ್ನೆ ಬತ್ತಿತ್ತು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು.

“ಇಪ್ಪತ್ಮೂರು ಮಕ್ಕಳನ್ನ ಬಿಟ್ಟು ಹೋಗಿದ್ದೆ. ಇಲ್ಲಿ ಇಪ್ಪತ್ತೆರಡಿವೆ.”

ಶಿವಲೆಂಕ ತಡವರಿಸಿದ. “ಹೊನ್ನಿ ಒಳಗೆ ಮಲಗವ್ಳೆ ಬುದ್ಧಿ. ಕಾಲು ನೋವಂತೆ.”

ಹರಿಗೋಲು ಕಟ್ಟುತ್ತಿದ್ದ ಅಂಬಿಗ ಗಂಗಪ್ಪನ ಕೈ ನಿಂತಿತು. ಹೊನ್ನಿ ಅವನ ಮಗಳು. ಹಗ್ಗವನ್ನು ಅಲ್ಲೇ ಎಸೆದು ಒಳಗೆ ಓಡಿದ. ಗುರುಗಳೂ ಶಿವಲೆಂಕನೂ ಹಿಂದೆಯೇ ಬಂದರು.

ಚಾಪೆಯ ಮೇಲಿದ್ದ ಹೊನ್ನಿ ಅಪ್ಪನನ್ನು ಕಂಡು ಏಳಲು ನೋಡಿದಳು. ಮೊಣಕಾಲು ಮಡಿಸಲಾಗದೆ ಹಾಗೇ ಕುಸಿದಳು. ಒಂಬತ್ತು ವರ್ಷದ ಹುಡುಗಿ. ತೊಡೆಗಳು ಊದಿಕೊಂಡಿದ್ದವು.

“ಏನಾಯ್ತವ್ವಾ?”

“ಹನ್ನೊಂದನೇ ಪದ್ಯ ಮತ್ತೆ ತಪ್ಪೋಯ್ತಪ್ಪ. ನೂರು ಬಸ್ಕಿ ಹೊಡ್ದೆ.”

ಗಂಗಪ್ಪ ಮಗಳ ಕಾಲು ಮುಟ್ಟಿದ. ಅವಳು ಹಲ್ಲು ಕಚ್ಚಿಕೊಂಡಳು.

“ನಡೆಯೋಕೂ ಮುಂಚೆ ಹೊಳೇಲಿ ಕಾಲು ಬಡಿದ ಮಗ ಬುದ್ಧಿ ಇದು,” ಎಂದ. “ಓದು ಬರಲಿ ಅಂತ ನಿಮ್ಮ ಮಡ್ಲಿಗೆ ಹಾಕಿದ್ದೆ.”

ಮುಪ್ಪಿನಯ್ಯನವರು ಶಿಷ್ಯನ ಕಡೆ ತಿರುಗಿದರು.

“ಏನು ನಿನ್ನ ಕಟ್ಟಳೆ?”

“ಪದ್ಯ ತಪ್ಪಿದ್ರೆ ಐವತ್ತು ಬಸ್ಕಿ. ಅದೇ ಪದ್ಯ ಮತ್ತೆ ತಪ್ಪಿದ್ರೆ ನೂರು. ಮಗ್ಗಿ ತಪ್ಪಿದ್ರೆ ಅಂಗಳದ ಸುತ್ತ ಹತ್ತು ಸುತ್ತು ಓಟ.”

“ಸರಿಯಾಗಿ ಹೇಳಿದವರಿಗೆ?”

“ಹೊಂಗೆ ನೆರಳಲ್ಲಿ ನನ್ನ ಪಕ್ಕ ಕೂತ್ಕೋಬಹುದು. ಯಾರಿಗೂ ಒಂದು ಏಟು ಹಾಕಿಲ್ಲ ಬುದ್ಧಿ. ಮೈಗೂ ಕಸರತ್ತು ಆಗ್ಲಿ ಅಂತ್ಲೇ ಹಂಗೆ ಮಾಡಿದ್ದು.”

ಅವನು ಸುಳ್ಳು ಹೇಳುತ್ತಿರಲಿಲ್ಲ. ತಾನು ಮಾಡಿದ್ದು ಒಳ್ಳೆಯದೇ ಎಂದು ಮನಸಾರೆ ನಂಬಿದ್ದ. ಅದೇ ಹೆಚ್ಚು ಸಂಕಟದ ಸಂಗತಿ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಂಗಾಯ್ತು,” ಎಂದ ಗಂಗಪ್ಪ. “ತಪ್ಪಿದ್ದು ನಾಲಿಗೆ. ಕಾಲು ಏನು ಪಾಪ ಮಾಡಿತ್ತು ಸ್ವಾಮಿ?”

“ಮಕ್ಕಳನ್ನ ಆಟಕ್ಕೆ ಕರಿ,” ಎಂದರು ಮುಪ್ಪಿನಯ್ಯನವರು.

ಶಿವಲೆಂಕ ಅಂಗಳಕ್ಕೆ ಬಂದು ಕೂಗಿದ. “ಎಲ್ಲರೂ ಆಟಕ್ಕೆ ಬನ್ರೋ!”

ಯಾರೂ ಬರಲಿಲ್ಲ. ಮಕ್ಕಳು ಒಬ್ಬರನ್ನೊಬ್ಬರು ನೋಡಿದರು. ಎಲ್ಲರಿಗಿಂತ ಸಣ್ಣವನಾದ ಚಿಕ್ಕೀರ, ಆರು ವರ್ಷದವನು, ತುಟಿ ನಡುಗಿಸುತ್ತ ಎರಡೂ ಕಿವಿ ಹಿಡಿದುಕೊಂಡ.

“ನಾನೇನು ತಪ್ಪು ಮಾಡ್ದೆ ಅಯ್ನೋರೇ?”

ಶಿವಲೆಂಕನ ಮುಖ ಇಳಿದುಹೋಯಿತು.

ಮುಪ್ಪಿನಯ್ಯನವರು ಶಿಷ್ಯನ ಹತ್ತಿರ ಬಂದರು.

“ಮೂರು ದಿನ ಕೊಡ್ತೀನಿ. ಮೂರನೇ ದಿನ ಹೊತ್ತು ಮುಳುಗೋದರೊಳಗೆ ಈ ಅಂಗಳದಲ್ಲಿ ಒಂದು ಮಗುವಾದ್ರೂ ತಾನಾಗಿ ಆಡ್ಬೇಕು. ಆಡಿದ್ರೆ ನೀನು ಇವರಿಗೆ ಅಯ್ನೋರು. ಇಲ್ದಿದ್ರೆ ಗಂಗಪ್ಪನ ಹರಿಗೋಲು ಹತ್ತಿ ಹೊಳೆ ದಾಟಿ ಹೋಗು. ಇನ್ನೆಲ್ಲೂ ಮಕ್ಕಳಿಗೆ ಪಾಠ ಹೇಳ್ಬೇಡ.”

“ನಾನು ಕಾಯ್ತೀನಿ,” ಎಂದ ಗಂಗಪ್ಪ. “ಇವರನ್ನ ದಾಟಿಸೋ ಹೊತ್ತಿಗೆ ನನ್ ಮಗಳನ್ನೂ ಕರ್ಕೊಂಡ್ ಹೋಯ್ತೀನಿ.”

ಪಾಠ ಹೇಳುವುದು ಬಿಟ್ಟರೆ ಶಿವಲೆಂಕನಿಗೆ ಬೇರೇನೂ ಬರುತ್ತಿರಲಿಲ್ಲ, ಬೇರೇನೂ ಬೇಕಾಗಿಯೂ ಇರಲಿಲ್ಲ. ಈ ಮಕ್ಕಳೆಂದರೆ ಅವನಿಗೆ ಪ್ರಾಣ. ಅದು ಮಕ್ಕಳಿಗೆ ಮಾತ್ರ ಗೊತ್ತಿರಲಿಲ್ಲ.

ಮೊದಲ ದಿನ ಅವನು ಅಪ್ಪಣೆ ಮಾಡಿದ. “ಆಡಿ” ಎಂದ. ಮಕ್ಕಳು ಸಾಲಾಗಿ ನಿಂತರು. “ಓಡಿ” ಎಂದ. ತಲೆ ತಗ್ಗಿಸಿ ಅಂಗಳವನ್ನು ಹತ್ತು ಸುತ್ತು ಓಡಿ ಬಂದು ಮತ್ತೆ ಸಾಲಾಗಿ ನಿಂತರು.

“ಮುಗೀತು ಅಯ್ನೋರೇ. ಇನ್ನು ನೆರಳಿಗೆ ಹೋಗ್ಬೋದಾ?” ಎಂದು ಒಬ್ಬಳು ಕೇಳಿದಳು.

ಎರಡನೆಯ ದಿನ ಬೆಲ್ಲ ತಂದ. ಆಡಿದವರಿಗೆ ಒಂದೊಂದು ಅಚ್ಚು ಎಂದ. ಮಕ್ಕಳು ಬೆಲ್ಲದ ಆಸೆಗೆ ಅತ್ತ ಹತ್ತು ಹೆಜ್ಜೆ, ಇತ್ತ ಹತ್ತು ಹೆಜ್ಜೆ ಕುಣಿದರು. ಬೆಲ್ಲ ಸಿಕ್ಕ ಕೂಡಲೇ ಗೋಡೆಗೆ ಒರಗಿ ಕೂತು ಚೀಪಿದರು. ಚಿಕ್ಕೀರ ಬೆಲ್ಲವನ್ನೂ ಕೇಳಲಿಲ್ಲ.

ಮಧ್ಯಾಹ್ನ ಶಿವಲೆಂಕ ಗುರುಗಳ ಮುಂದೆ ಹೋಗಿ ನಿಂತ.

“ಶಿಕ್ಷೆ ಬಿಟ್ಟೆ ಬುದ್ಧಿ. ಬಹುಮಾನವನ್ನೂ ಕೊಟ್ಟೆ. ಆದ್ರೂ ಆಡಲ್ಲ ಅಂತವೆ. ಎಲ್ಲಿ ತಪ್ತಾ ಇದೀನಿ?”

“ಒಂದು ಬಿಂದಿಗೆ ನೀರು ತಾ. ಒಂದು ಚೊಂಬೂ ತಾ.”

ತಂದ.

“ನಾನು ಕೇಳಿದ್ದಕ್ಕೆ ಉತ್ತರ ಹೇಳು. ಒಂದು ತಪ್ಪಿಗೆ ಒಂದು ಚೊಂಬು ನೀರು ಕುಡೀಬೇಕು.”

ಶಿವಲೆಂಕ ಹಗುರಾದ. ಪದ್ಯ ಕೇಳುತ್ತಾರೆ ಅಂದುಕೊಂಡ. ಅವನಿಗೆ ಬಾರದ ಪದ್ಯ ಯಾವುದಿತ್ತು?

“ಈ ಮೂರು ತಿಂಗಳಲ್ಲಿ ಯಾವ ಮಗುವಿನ ಹಲ್ಲು ಬಿತ್ತು?”

ಶಿವಲೆಂಕ ಬಾಯಿ ತೆರೆದವನು ಹಾಗೇ ಮುಚ್ಚಿದ. “ಗೊತ್ತಿಲ್ಲ ಬುದ್ಧಿ.”

“ಕುಡಿ.”

ಕುಡಿದ.

“ಓಡುವಾಗ ಯಾರಿಗೆ ಉಬ್ಬಸ ಬರುತ್ತೆ?”

“ಗೊತ್ತಿಲ್ಲ.”

“ಕುಡಿ. ದಿನಾ ಮುದ್ದೆ ಅರ್ಧಕ್ಕೇ ಬಿಟ್ಟು ಏಳೋರು ಯಾರು?”

ಅವನಿಗೆ ಅದೂ ಗೊತ್ತಿರಲಿಲ್ಲ. ಮೂರನೆಯ ಚೊಂಬು ಕಷ್ಟಪಟ್ಟು ಇಳಿಯಿತು.

“ಎಡಗೈಯಲ್ಲಿ ಕಲ್ಲೆಸೆಯೋರು ಯಾರು?”

“ಬುದ್ಧಿ, ಯಾರೂ ಕಲ್ಲೆಸೆದದ್ದನ್ನ ನಾನು ನೋಡೇ ಇಲ್ಲ.”

“ಕುಡಿ.”

ಹೊಟ್ಟೆ ಬಿರಿಯುವಂತಾಗಿತ್ತು. ಕಣ್ಣಲ್ಲಿ ನೀರು ಬಂತು. ನಾಲ್ಕನೆಯ ಚೊಂಬು ಅರ್ಧವಾಗುವಷ್ಟರಲ್ಲಿ ಎದ್ದು ಹೋಗಿ ಬೇಲಿಯ ಹತ್ತಿರ ಕಕ್ಕಿದ.

ಮುಪ್ಪಿನಯ್ಯನವರು ತಮ್ಮ ಮೇಲುವಸ್ತ್ರದಿಂದಲೇ ಅವನ ಬಾಯಿ ಒರೆಸಿದರು. ಬೆನ್ನು ಸವರಿದರು. ಆದರೆ ಅರ್ಥ ಹೇಳಲಿಲ್ಲ.

ಮೂರನೆಯ ದಿನ ಸುಡುಬಿಸಿಲು. ಅಂಗಳ ಗುಡಿಸಿದ ಶಿವಲೆಂಕನಿಗೆ ಗಂಟಲು ಒಣಗಿತು. ಅಡುಗೆಮನೆಗೆ ಹೋಗಿ ಚೊಂಬಿಗೆ ಕೈಹಾಕಿದ. ನಿನ್ನೆಯ ನಾಲ್ಕು ಚೊಂಬು ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡ. ಬಾಯಾರಿಕೆ ಇತ್ತು, ನೀರು ಬೇಡವಾಗಿತ್ತು.

ಒಳಗೇನೋ ಚುರುಕ್ ಎಂದಿತು. ಇಪ್ಪತ್ತಮೂರು ಮಕ್ಕಳಿಗೆ ತಾನು ಮೂರು ತಿಂಗಳು ಮಾಡಿದ್ದು ಇದನ್ನೇ ಎಂದು ತಿಳಿದು ನಾಚಿಕೆಯಿಂದ ಕುಗ್ಗಿದ.

ಅಲ್ಲಿಂದ ನೇರ ಹೊನ್ನಿಯ ಬಳಿಗೆ ಹೋದ. ಎರಡು ದಿನ ಬಿಸಿ ಹರಳೆಣ್ಣೆ ತಿಕ್ಕಿ ಕಾವು ಕೊಟ್ಟಿದ್ದರಿಂದ ಊತ ಇಳಿದಿತ್ತು. ಅವನನ್ನು ಕಂಡು ಅವಳು ಗೋಡೆಗೆ ಅಂಟಿಕೊಂಡಳು.

“ಪದ್ಯ ಕೇಳೋಕೆ ಬಂದಿಲ್ಲ ಹೊನ್ನಿ. ನಿನ್ನ ಕಾಲು ಹಿಂಗಾಗಿದ್ದು ನನ್ನಿಂದ. ನನ್ನದೇ ತಪ್ಪು.”

ಶಿವಲೆಂಕ ಚಾಪೆಯ ಪಕ್ಕ ನೆಲದ ಮೇಲೆ ಕೂತ.

“ನನಗೆ ಒಂದು ಆಟ ಹೇಳಿಕೊಡ್ತೀಯಾ? ನನಗೆ ಯಾವ ಆಟವೂ ಬರಲ್ಲ.”

“ಒಂದೂವಾ?”

“ಒಂದೂ ಬರಲ್ಲ. ಚಿಕ್ಕವನಿದ್ದಾಗ ನನ್ನನ್ನ ಯಾರೂ ಆಡೋಕೆ ಬಿಡ್ಲಿಲ್ಲ.”

ಹೊನ್ನಿಯ ಮುಖದಲ್ಲಿದ್ದ ಹೆದರಿಕೆ ಕಡಿಮೆಯಾಗಿ ಕನಿಕರ ಬಂತು. ಇಷ್ಟು ದೊಡ್ಡ ಮನುಷ್ಯನಿಗೆ ಒಂದು ಆಟವೂ ಬಾರದು ಅಂದರೆ ಏನು ಗತಿ!

“ಪದ್ಯ ತಪ್ಪಿದ್ರೆ ಇನ್ಮೇಲೆ ಏನು ಶಿಕ್ಷೆ?” ಎಂದು ಕೇಳಿದಳು. ಜಾಣೆ, ಮೊದಲು ಅದನ್ನು ಇತ್ಯರ್ಥ ಮಾಡಿಕೊಳ್ಳಬೇಕಿತ್ತು.

“ಇನ್ನೊಂದು ಸಲ ಹೇಳಿಕೊಡ್ತೀನಿ.”

“ಮತ್ತೂ ತಪ್ಪಿದ್ರೆ?”

“ಮತ್ತೂ ಹೇಳಿಕೊಡ್ತೀನಿ.”

ಅವಳು ಪೂರ್ತಿ ನಂಬಲಿಲ್ಲ. ಆದರೂ ಎತ್ತಿಕೊಳ್ಳಲು ಕೈ ಚಾಚಿದಳು.

ಶಿವಲೆಂಕ ಅವಳನ್ನು ಜಗುಲಿಯ ಮೇಲೆ ಕೂರಿಸಿದ. ಅವಳು ಹೇಳಿದಂತೆ ಅಂಗಳದಲ್ಲಿ ಕಡ್ಡಿಯಿಂದ ಎಂಟು ಮನೆ ಗೀಚಿದ. ಹೆಂಚಿನ ಚೂರೊಂದನ್ನು ಉಜ್ಜಿ ಬಿಲ್ಲೆ ಮಾಡಿದ.

“ಬಿಲ್ಲೆ ಮೊದಲ ಮನೆಗೆ ಎಸೀರಿ. ಒಂಟಿ ಕಾಲಲ್ಲಿ ಕುಂಟಬೇಕು. ಗೆರೆ ತುಳೀಬಾರ್ದು. ಪಂಚೆ ಎತ್ತಿ ಕಟ್ಟಿ ಅಯ್ನೋರೇ, ಸಿಕ್ಕಾಕೊಳ್ತೀರ.”

ಅವನು ಪಂಚೆ ಕಟ್ಟಲಿಲ್ಲ. ಅಯ್ನೋರ ಗತ್ತು ಅಷ್ಟು ಬೇಗ ಬಿಟ್ಟೀತೇ? ಮೊದಲ ಮನೆಗೆ ಬಿಲ್ಲೆ ಬಿತ್ತು. ಒಂದು ಸಲ ಕುಂಟಿದ, ಎರಡು ಸಲ ಕುಂಟಿದ. ಮೂರನೆಯ ಸಲ ಪಂಚೆ ಕಾಲಿಗೆ ಸುತ್ತಿಕೊಂಡು ದೊಪ್ಪನೆ ಬಿದ್ದ.

ಜಗುಲಿಯ ಕಂಬಗಳ ಹಿಂದೆ ಕಿಸಕ್ಕನೆ ನಗು ಕೇಳಿತು. ಒಬ್ಬರದಲ್ಲ, ಏಳೆಂಟು ಮಕ್ಕಳದು.

“ಯಾರದು ನಕ್ಕಿದ್ದು!”

ಮಾತು ಬಾಯಿಂದ ಜಾರಿಬಿಟ್ಟಿತ್ತು. ಹಳೆಯ ಚಾಳಿ.

ಕಂಬದ ಹಿಂದಿನಿಂದ ಚಿಕ್ಕೀರ ಹೊರಗೆ ಬಂದ. ಯಾರ ಮುಖವನ್ನೂ ನೋಡಲಿಲ್ಲ. ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯಲು ಶುರು ಮಾಡಿದ. “ಒಂದು. ಎರಡು. ಮೂರು.” ಮಾತಿನ ನಡುವೆ ಅವನ ಎದೆ ಗೊರಗೊರ ಎನ್ನುತ್ತಿತ್ತು.

ಓಡುವಾಗ ಉಬ್ಬಸ ಬರುವ ಮಗು ಇದೇ ಎಂದು ಶಿವಲೆಂಕನಿಗೆ ಆಗ ಗೊತ್ತಾಯಿತು.

ಎದ್ದು ಓಡಿಹೋಗಿ ಹುಡುಗನ ಎರಡೂ ಕೈ ಹಿಡಿದ. ಚಿಕ್ಕೀರ ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡ. ಶಿವಲೆಂಕ ಅವನ ಉಸಿರು ಹದಕ್ಕೆ ಬರುವವರೆಗೆ ಬೆನ್ನು ನೀವುತ್ತ ಕೂತ. ಆಮೇಲೆ ಬಿಲ್ಲೆಯನ್ನು ಆ ಸಣ್ಣ ಅಂಗೈಯಲ್ಲಿಟ್ಟ.

“ನಾನು ಬಿದ್ದೆ ಕಣೋ. ನೋಡಿದ್ರೆ ನಗೂನೇ ಬರೋದು. ಇನ್ನು ನಿನ್ನ ಸರದಿ. ಬೇಡ ಅನ್ಸಿದ್ರೆ ಆಡ್ಬೇಡ.”

ಚಿಕ್ಕೀರ ಬಿಲ್ಲೆಯನ್ನೂ ಅವನನ್ನೂ ನೋಡಿದ. ಆಡಲಿಲ್ಲ. ಯಾವ ಮಗುವೂ ಮುಂದೆ ಬರಲಿಲ್ಲ.

ಹೊತ್ತು ಇಳಿಯಿತು. ಅತ್ತ ದಡದಲ್ಲಿ ಗಂಗಪ್ಪ ಹರಿಗೋಲಿನ ಹಗ್ಗ ಬಿಚ್ಚುವುದು ಕಾಣುತ್ತಿತ್ತು. ಶಿವಲೆಂಕ ಕಾದ. ಕರೆಯಲಿಲ್ಲ, ಕೇಳಿಕೊಳ್ಳಲೂ ಇಲ್ಲ. ಕರೆದರೆ ಅದು ಮತ್ತೆ ಅಪ್ಪಣೆಯಾಗುತ್ತಿತ್ತು. ಸೂರ್ಯ ಹೊಳೆಯಾಚೆಯ ಮರಗಳ ಹಿಂದೆ ಇಳಿದ.

ಅವನು ಒಳಗೆ ಹೋಗಿ ಎರಡು ಪಂಚೆ, ಒಂದು ಕಂಬಳಿ ಗಂಟು ಕಟ್ಟಿದ. ಹಿಂಬಾಗಿಲಿಂದ ಗುರುಗಳ ಗುಡಿಸಲಿಗೆ ಬಂದು ಅಡ್ಡಬಿದ್ದ.

“ಸೋತೆ ಬುದ್ಧಿ. ಹೊಳೆ ದಾಟಿ ಹೋಗ್ತೀನಿ. ಚಿಕ್ಕೀರನಿಗೆ ಉಬ್ಬಸ ಇದೆ. ಮುಂದೆ ಬರೋ ಅಯ್ನೋರಿಗೆ ಮರೀದೆ ಹೇಳಿ.”

ಮುಪ್ಪಿನಯ್ಯನವರು ಕಣ್ಣು ಮುಚ್ಚಿ ಏನನ್ನೋ ಆಲಿಸುತ್ತಿದ್ದರು.

ಅಂಗಳದಿಂದ ಟಕ್ ಎಂದು ಹೆಂಚಿನ ಚೂರು ನೆಲಕ್ಕೆ ಬಿದ್ದ ಸದ್ದು ಕೇಳಿತು. ಆಮೇಲೆ ಕುಂಟುವ ಹೆಜ್ಜೆ. ನಿಂತು, ಮತ್ತೆ ಇನ್ನೊಂದು ಹೆಜ್ಜೆ.

“ಗೆರೆ ತುಳಿದೆ!” ಎಂದು ಹೊನ್ನಿ ಕೂಗಿದಳು.

“ತುಳಿದಿಲ್ಲ!” ಅದು ಚಿಕ್ಕೀರನ ದನಿ.

“ತುಳಿದ ಕಣೇ, ನಾನೂ ನೋಡ್ದೆ!”

“ಸುಳ್ಳು! ನಾನ್ ಆಡ್ತೀನಿ ಬಿಡು ಈಗ!”

ಒಂದು ದನಿ ನಾಲ್ಕಾಯಿತು. ನಾಲ್ಕು ಹೋಗಿ ಎಷ್ಟೆಂದು ಎಣಿಸಲಾಗದಷ್ಟಾಯಿತು. ಜಗಳವೋ ಜಗಳ. ಮೂರು ತಿಂಗಳಲ್ಲಿ ಆ ಆಶ್ರಮದಲ್ಲಿ ಕೇಳದ ಗದ್ದಲ.

ಶಿವಲೆಂಕನ ಕಣ್ಣು ತುಂಬಿ ಬಂತು. ಆದರೆ ಅವನು ಲೆಕ್ಕದ ಮನುಷ್ಯ, ಮಾತಿಗೆ ತಪ್ಪುವವನಲ್ಲ. ಗಂಟು ಹೆಗಲಿಗೇರಿಸಿದ.

ಅಷ್ಟರಲ್ಲಿ ಚಿಕ್ಕೀರ ಬಾಗಿಲಿಗೆ ಬಂದು ನಿಂತ. ಮೈಯೆಲ್ಲ ಮಣ್ಣಾಗಿತ್ತು. ಏದುಸಿರು ಬಿಡುತ್ತಲೇ ಹೇಳಿದ:

“ಅಯ್ನೋರೇ, ಎಲ್ಲರದೂ ಆಯ್ತು. ನಿಮ್ಮ ಸರದಿ. ಪಂಚೆ ಎತ್ತಿ ಕಟ್ಕೊಂಡು ಬರಬೇಕಂತೆ, ಹೊನ್ನಿ ಹೇಳಿದ್ಲು.”

ಶಿವಲೆಂಕ ಗುರುಗಳನ್ನು ನೋಡಿದ.

“ಹೊತ್ತು ಮುಳುಗಿ ಹೋಯ್ತಲ್ಲ ಬುದ್ಧಿ?”

ಮುಪ್ಪಿನಯ್ಯನವರು ಅವನ ಹೆಗಲಿನ ಗಂಟನ್ನು ಇಳಿಸಿ ತಮ್ಮ ಪಕ್ಕಕ್ಕೆ ಇಟ್ಟುಕೊಂಡರು.

“ಮಕ್ಕಳು ಆಟಕ್ಕೆ ಕರೆಯೋವಾಗ ಯಾರಾದ್ರೂ ಹೊತ್ತು ನೋಡ್ತಾರೇನೋ? ಓಡು.”