ಯಜಮಾನಿಯ ಮೊದಲ ತುತ್ತು

ತಕ್ಕಡಿಯ ಒಂದು ತಟ್ಟೆಯಲ್ಲಿ ಇಡೀ ಹುಬ್ಬಳ್ಳಿಯನ್ನೂ ಇನ್ನೊಂದರಲ್ಲಿ ಈ ಗುಮಾಸ್ತನ ಬುದ್ಧಿಯನ್ನೂ ಇಟ್ಟರೆ, ಹುಬ್ಬಳ್ಳಿಯೇ ಮೇಲೇಳುತ್ತಿತ್ತು.

ಅವನ ಧಣಿ ಹತ್ತಿ ವ್ಯಾಪಾರಿ ಗುರುಶಾಂತಪ್ಪನ ಮದುವೆಗೆ ನಲವತ್ತು ವರ್ಷ ತುಂಬಿತ್ತು.

"ಊರಾಗಿನ ಭಾರೀ ಹೋಟೆಲ್ ಗೊತ್ತುಮಾಡು. ಬೀಗರ ಮುಂದ ನನ್ನ ಮರ್ಯಾದಿ ಹೋದ್ರ ನಿನ್ನ ನೌಕರಿನೂ ಹೋತು ಅಂತ ತಿಳಿ," ಎಂದ ಧಣಿ.

ಗುಮಾಸ್ತನ ಕಣ್ಣಿಗೆ ಕಟ್ಟಿದ್ದು ಧಣಿಯ ಹೆಂಡತಿ ನೀಲವ್ವನ ತಾಟು. ದಿನಾ ಮಧ್ಯಾಹ್ನ ಅವನ ಊಟವೂ ಅದೇ ಮನೆಯಲ್ಲಿ. ನೀಲವ್ವ ಎಲ್ಲರಿಗೂ ಬಿಸಿ ರೊಟ್ಟಿ ಬಡಿಸುತ್ತಿದ್ದಳು. ಧಣಿ "ಉಪ್ಪು ಕಡಿಮಿ" ಎಂದು ಗೊಣಗಿ ಏಳುತ್ತಿದ್ದ. ಆಮೇಲೆ ಆಕೆ ಗೋಡೆಗೆ ಮುಖಮಾಡಿ, ಆರಿ ಗಟ್ಟಿಯಾದ ರೊಟ್ಟಿಯನ್ನು ಉಣ್ಣುತ್ತಿದ್ದಳು. ನಲವತ್ತು ವರ್ಷವೂ ಹೀಗೇ.

ಗುಮಾಸ್ತ ಅಮೃತಶಿಲೆಯ ಕಂಬಗಳ ಹೋಟೆಲನ್ನೇ ಹಿಡಿದ. ಬೀಗರೆಲ್ಲ ಕೂತರು. ನೀಲವ್ವ ರೂಢಿಯಂತೆ ಗೋಡೆಗೆ ಒರಗಿ ನಿಂತಳು. ಧಣಿ ತುತ್ತೆತ್ತಿದ. ಗುಮಾಸ್ತ ಅವನ ಕಿವಿಗೆ ಬಾಗಿದ.

"ಕೈ ತಡೀರಿ ಧಣ್ಯಾರ. ಇಂಥಾ ಹೋಟೆಲ್‌ನ್ಯಾಗ ಯಜಮಾನಿ ಮೊದಲ ಉಣಬೇಕ್ರಿ. ಇಲ್ಲಂದ್ರ ಏನೂ ತಿಳೀದ ಮಂದಿ ಅಂತ ಸಪ್ಲಾಯರ್‌ಗಳು ನಗತಾರ."

ಧಣಿ ತುತ್ತು ಕೆಳಗಿಟ್ಟ. ತಾನೇ ಎದ್ದು ಹೆಂಡತಿಗೆ ಕುರ್ಚಿ ಎಳೆದ. ನೀಲವ್ವ ಕೂತಳು. ಬಿಸಿ ಪಲ್ಯದ ಹಬೆಗೆ ಆಕೆಯ ಚಾಳೀಸಿನ ಗಾಜು ಮಸುಕಾಯಿತು. ಬೀಗರೆಲ್ಲ ಕಾದರು. ಆಕೆ ನಿಧಾನವಾಗಿ ಅಗಿದು ನುಂಗಿದಳು.

"ಉಪ್ಪು ಕಡಿಮಿ ಐತಿ," ಎಂದಳು.

ಯಾರೂ ನಗಲಿಲ್ಲ.

ಮನೆಗೆ ಮರಳುವಾಗ ಧಣಿ ಮೆಲ್ಲಗೆ ಕೇಳಿದ: "ಆ ರಿವಾಜು ಹೋಟೆಲಿಗಷ್ಟ ಅಲ್ಲೇನೋ?"

"ದೊಡ್ಡ ಮನೆತನದವರು ಮನ್ಯಾಗೂ ಪಾಲಿಸ್ತಾರ್ರಿ. ನಮ್ಮಂಥ ಸಣ್ಣ ಮಂದಿ ಬಿಟ್ರೂ ನಡೀತೈತ್ರಿ."

ಮರುದಿನ ಮಧ್ಯಾಹ್ನ ಗುರುಶಾಂತಪ್ಪ ತಾಟಿನ ಮುಂದೆ ಕೈಕಟ್ಟಿ ಕೂತಿದ್ದ. ನೀಲವ್ವ ಉಣ್ಣುತ್ತಿದ್ದಳು. ಅವನ ರೊಟ್ಟಿ ಆರುತ್ತಿತ್ತು.