ನರಿ ಹಂಚಿದ ನೆರಳು

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಪ್ರಾಣಿಗಳಿಗೆ ಜೀವ ಬಾಯಿಗೆ ಬರುತ್ತಿತ್ತು. ಹಿಂದಿನ ವರ್ಷದ ಬಿಸಿಲಿಗೆ ತುಂಬೆ ಎಂಬ ಮೊಲ ಎರಡು ಮರಿಗಳನ್ನು ಕಳೆದುಕೊಂಡಿತ್ತು. ಮುಂದೆ ಹುಟ್ಟುವ ಮರಿಯನ್ನಾದರೂ ಉಳಿಸಿಕೊಳ್ಳಬೇಕು ಎಂಬುದೊಂದೇ ಅದರ ಆಸೆ.

ಗವಿ ಬಿಟ್ಟು ಕದಲದ ಸಿಂಹಕ್ಕೂ ಈ ಸಂಕಟದ ಸುದ್ದಿ ಮುಟ್ಟಿತು. ಮಳೆಗಾಲದಲ್ಲೇ ಅದು ನರಿಯನ್ನು ಕರೆದು, "ಬರುವ ಬೇಸಿಗೆಗೆ ಯಾರು ಯಾವ ನೆರಳಲ್ಲಿರಬೇಕು, ಎಲ್ಲರನ್ನೂ ಕೇಳಿ ಗೊತ್ತುಮಾಡು" ಎಂದಿತು. ನರಿ ಪೇಟೆಯ ಕಡೆಯಿಂದ ಹೊಸದಾಗಿ ಬಂದದ್ದು. ಮಾತಿನಲ್ಲೇ ಮಂಟಪ ಕಟ್ಟುವುದು ಅದಕ್ಕೆ ಚೆನ್ನಾಗಿ ಬರುತ್ತಿತ್ತು.

"ಎಲ್ಲರನ್ನೂ ಕೇಳುತ್ತಾ ಕೂತರೆ ಸಂತೆಯಾಗುತ್ತದೆ" ಎಂದುಕೊಂಡು ನರಿ ಒಂದು ಸುತ್ತು ಹೊಡೆಯಿತು. ತೇಗದ ತೋಪು ಮೊರದಗಲದ ಎಲೆಗಳಿಂದ ಕತ್ತಲುಗಟ್ಟಿತ್ತು. ಅದನ್ನು ತನಗೇ ಇಟ್ಟುಕೊಂಡಿತು. ಸಣ್ಣ ಪ್ರಾಣಿಗಳಿಗೆಲ್ಲ ಬಂಡೆಯ ಸಂದು ಕೊಟ್ಟಿತು. ಹಳ್ಳದ ತಿರುವಿನ ಹೊಂಗೆಮರದ ಕೆಳಗೆ ಆಗ ಮೊಣಕಾಲುದ್ದ ನೀರು. "ಅಲ್ಲಿಗೆ ಯಾರೂ ಹೋಗಕೂಡದು, ದೊರೆಯ ಅಪ್ಪಣೆ" ಎಂದು ಸಾರಿತು.

"ಅಣ್ಣಾ, ಬೇಸಿಗೇಲಿ ಆ ಬಂಡೆ ಕಾದ ಹೆಂಚಾಗುತ್ತೆ. ಹೊಂಗೆ ಕೆಳಗಿನ ಮರಳೇ ತಂಪು. ಇನ್ನು ನಿನ್ನ ತೇಗ..." ಎಂದಿತು ತುಂಬೆ.

"ಮೊಲದ ಮಾತು ಕಟ್ಟಿಕೊಂಡು ಕಾಡು ಆಳೋಕಾಗುತ್ತಾ? ನಡಿ, ನಡಿ!" ನರಿ ಗದರಿತು.

ಬೇಸಿಗೆ ಬಂತು. ಬಂಡೆಯ ಸಂದಿನಲ್ಲಿ ಮೊಲ, ಮುಂಗುಸಿ, ಗೌಜಲಕ್ಕಿಗಳು ಬೆಂದವು. ಒಂದು ಮಧ್ಯಾಹ್ನ ತುಂಬೆಯ ಹೊಸ ಮರಿ ಕತ್ತು ವಾಲಿಸಿಬಿಟ್ಟಿತು. ತುಂಬೆ, "ಅಪ್ಪಣೆಗಿಷ್ಟು ಬೆಂಕಿ ಹಾಕ!" ಎಂದು ಮರಿಯನ್ನು ಕಚ್ಚಿಕೊಂಡು ಹೊಂಗೆಯ ಕಡೆ ಓಡಿತು. ಉಳಿದವೂ ಹಿಂದೆಯೇ ಓಡಿದವು. ಹೊಂಗೆ ಹೊಸ ಎಲೆಗಳಿಂದ ತುಂಬಿತ್ತು. ನೀರು ಇಳಿದು ಮರಳು ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಮರಿ ಕಣ್ಣು ಬಿಟ್ಟಿತು.

ಅಷ್ಟರಲ್ಲಿ ನರಿ ಕುಂಟುತ್ತಾ ಬಂತು. ತೇಗಗಳು ಎಂದೋ ಎಲೆ ಉದುರಿಸಿ ಬೋಳಾಗಿ ನಿಂತಿದ್ದವು. ಬೇಸಿಗೆಗೆ ತೇಗ ಬೋಳಾಗುವುದು ಆ ಕಾಡಿನಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿತ್ತು. ನರಿಯ ಅಂಗಾಲು ಸುಟ್ಟಿತ್ತು, ನಾಲಿಗೆ ಜೋತಿತ್ತು. "ತಂಗೀ, ನನಗೂ ಒಂಚೂರು ನೆರಳು ಕೊಡಮ್ಮ" ಎಂದು ಹಲ್ಲು ಗಿಂಜಿತು.

ತುಂಬೆಗೆ ಕನಿಕರ ಬರಲಿಲ್ಲ. "ಇದು ಎಲ್ಲರ ನೆರಳು. ನಾನೊಬ್ಬಳೇ ಹೇಗೆ ಕೊಡಲಿ? ಒಬ್ಬೊಬ್ಬರನ್ನೇ ಕೇಳಿಕೊಂಡು ಬಾ" ಎಂದಿತು.

ನರಿ ಬಿಸಿಲಲ್ಲೇ ನಿಂತು ಇರುವೆಯಿಂದ ಹಿಡಿದು ಎಲ್ಲರನ್ನೂ ಕೇಳಿತು. ಕೇಳಿ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು.

ನೀತಿ: ನೆರಳು ಹಂಚುವವನು ಮೊದಲು ಬಿಸಿಲಲ್ಲಿ ಬೇಯುವವರನ್ನು ಕೇಳಬೇಕು.