ಕೈರೆಯ ಸ್ನಾನದ ಮನೆ

ಇದು ನಡೆದದ್ದು ಕ್ರಿಸ್ತಶಕ ೧೨೧೬ರಲ್ಲಿ, ಹಿಮ ಬೀಳುವುದಕ್ಕೆ ಒಂದು ವಾರ ಮೊದಲು.

ಬಾಲ್ಟಿಕ್ ಸಮುದ್ರದ ಪೂರ್ವ ದಡದಲ್ಲಿ ಕೈರೆ ಎಂಬ ಹಳ್ಳಿಯಿತ್ತು. ಅಲ್ಲಿಯ ಜನ ಕಾಡಿನ ದೇವರುಗಳನ್ನು ಪೂಜಿಸುತ್ತಿದ್ದರು. ಆ ವಸಂತದಲ್ಲಿ ಶಿಲುಬೆಯ ಸೈನ್ಯ ಬಂದು ಕಣಜಗಳನ್ನು ಸುಟ್ಟಿತು, ಜನರನ್ನು ನದಿಗೆ ಅಟ್ಟಿತು. ಒಂದೇ ಬೆಳಿಗ್ಗೆ ಮುನ್ನೂರ ಹನ್ನೆರಡು ಮಂದಿಗೆ ಕ್ರೈಸ್ತ ಧರ್ಮದ ದೀಕ್ಷಾಸ್ನಾನವಾಯಿತು. ನೀರು ಸುರಿದವರು ಸಂತ ಅಲ್ಬೆರೋ ಅವರು. ಸೈನ್ಯ ಹನ್ನೊಂದು ಗಂಡಸರನ್ನು ಒತ್ತೆಯಾಳುಗಳಾಗಿ ಒಯ್ದಿತು. ಹಳ್ಳಿ ದೀಕ್ಷೆಯನ್ನು ತೊರೆದರೆ ಅವರಿಗೆ ನೇಣು ಎಂದು ದಳಪತಿ ಎಕ್‌ಬರ್ಟ್ ಸಾರಿ ಹೋದ. ಸಂತರು ಅಲ್ಲೇ ಉಳಿದರು. ಅವರಿಗಿದ್ದದ್ದು ಒಂದು ಗುಡಿಸಲು, ಒಂದು ಮರದ ಬಟ್ಟಲು, ಒಂದು ಕಂಬಳಿ.

ಹಳ್ಳಿಯ ಅಂಚಿನಲ್ಲಿ ಮರದ ದಿಮ್ಮಿಗಳ ಸ್ನಾನದ ಮನೆಯಿತ್ತು. ಕಲ್ಲುಗಳನ್ನು ಕಾಯಿಸಿ, ಅವುಗಳ ಮೇಲೆ ನೀರೆರೆದು, ಎದ್ದ ಹಬೆಯಲ್ಲಿ ಜನ ಮೈ ತೊಳೆಯುತ್ತಿದ್ದರು. ಹೆರಿಗೆ ಆಗುತ್ತಿದ್ದದ್ದೂ ಅಲ್ಲೇ, ಹೆಣ ತೊಳೆಯುತ್ತಿದ್ದದ್ದೂ ಅಲ್ಲೇ. ಆ ದೀಕ್ಷೆಯ ನೀರು ಮೈಮೇಲಿರುವವರೆಗೆ ತಮ್ಮ ದೇವರುಗಳು ಸೆರೆಯಲ್ಲಿರುವವರನ್ನು ಕಾಯುವುದಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಎಲ್ಲರೂ ಅದನ್ನು ತೊಳೆದುಕೊಳ್ಳುವುದೆಂದಾಯಿತು.

ಲೆಮ್ಮೆ ಎಂಬ ಮುದುಕಿಯ ಒಬ್ಬನೇ ಮಗ ಮೆಲಿತ್ ಆ ಹನ್ನೊಂದು ಮಂದಿಯಲ್ಲಿದ್ದ. ತೊಳೆದುಕೊಳ್ಳುವ ದಿನ ಅವಳು ಕುಂಟುತ್ತ ನೀರು ತರುವುದನ್ನು ಕಂಡು ಸಂತರು ಕೊಡವನ್ನು ತಾವೇ ತೆಗೆದುಕೊಂಡರು.

"ನೀವು ಹಾಕಿದ ನೀರು ತೊಳೆಯೋಕೆ ನೀವೇ ನೀರು ಹೊರ್ತೀರಾ ಸ್ವಾಮಿ? ನಿಮ್ಮ ದೇವರಿಗೆ ಸಿಟ್ಟು ಬರಲ್ವಾ?"

"ನದಿ ದೂರ ಇದೆ ತಾಯಿ. ನಿಮಗೆ ಮಂಡಿ ನೋವು."

ಅಂದು ಸಂಜೆಯವರೆಗೂ ಅವರು ನೀರು ಹೊತ್ತರು, ಕಲ್ಲು ಕಾಯಿಸಿದರು.

ಸುದ್ದಿ ಸೈನ್ಯದ ಕೋಟೆಗೆ ಮುಟ್ಟಿತು. ಐದನೆಯ ದಿನ ಎಕ್‌ಬರ್ಟ್ ಕುದುರೆ ಸವಾರರೊಡನೆ ಬಂದ. ಹನ್ನೊಂದು ಮಂದಿಯನ್ನೂ ಕಟ್ಟಿ ತಂದಿದ್ದ. ಹಳ್ಳಿಯವರನ್ನು ಸ್ನಾನದ ಮನೆಯ ಮುಂದೆ ಸೇರಿಸಿದ. ಅವನು ಸಂತರ ಕಡೆ ತಿರುಗಿದ. ನೇಣಿಗೆ ಗುರುಗಳೊಬ್ಬರ ಸಾಕ್ಷಿ ಸಾಕಾಗಿತ್ತು.

"ಪೂಜ್ಯರೇ, ಇವರು ದೀಕ್ಷೆಯನ್ನು ತೊಳೆದುಕೊಂಡರೇ?"

ಲೆಮ್ಮೆ ಸಂತರ ನಿಲುವಂಗಿ ಹಿಡಿದುಕೊಂಡಳು. "ಇಲ್ಲ ಅನ್ನಿ ಸ್ವಾಮಿ. ಒಂದೇ ಮಾತು. ಇಲ್ಲ ಅನ್ನಿ."

ಸಂತರು ಸುಳ್ಳಾಡುವವರಲ್ಲ. "ತೊಳೆದುಕೊಂಡರು" ಎಂದರು. ಲೆಮ್ಮೆಯ ಕೈ ಜಾರಿತು. "ನೀರು ಹೊತ್ತವನು ನಾನು. ಕಲ್ಲು ಕಾಯಿಸಿದವನೂ ನಾನು."

ಎಕ್‌ಬರ್ಟ್ ನಕ್ಕ. "ಚಳಿಗೆ ನಿಮ್ಮ ತಲೆ ಕೆಟ್ಟಿದೆ."

"ಆ ದಿನ ನದಿಯಲ್ಲಿ ಪ್ರತಿಯೊಬ್ಬರ ಬೆನ್ನಿಗೂ ನಿನ್ನ ಈಟಿಯಿತ್ತು, ಮಗನೇ. ದೀಕ್ಷೆ ಬೇಕೇ ಎಂದು ನಾನು ಒಬ್ಬರನ್ನೂ ಕೇಳಲಿಲ್ಲ. ಅವರು ತೊಳೆದುಕೊಂಡದ್ದು ನನ್ನ ತಪ್ಪನ್ನು. ಹಗ್ಗ ಮೊದಲು ನನ್ನ ಕೊರಳಿಗೆ ಹಾಕು."

ಹೀಗೆಂದು ಅವರು ಹನ್ನೊಂದು ಮಂದಿಯ ಸಾಲಿನ ತುದಿಗೆ ಹೋಗಿ ಮೆಲಿತ್‌ನ ಪಕ್ಕದಲ್ಲಿ ನಿಂತರು.

ಎಕ್‌ಬರ್ಟ್ ಕುದುರೆಯಿಂದಿಳಿದ. ಹಗ್ಗ ಹಿಡಿದು ಸಂತರ ಮುಂದೆ ಬಂದ. ಸಂತರು ಚಳಿಗೆ ಮರಗಟ್ಟಿದ್ದ ಅವನ ಕೈಗಳನ್ನು ನೋಡಿದರು. "ಬೆಳಿಗ್ಗೆ ಕಾಯಿಸಿದ ಕಲ್ಲು ಇನ್ನೂ ಬಿಸಿಯಿದೆ. ಒಳಗೆ ಬಾ" ಎಂದರು.

ಒಳಗೆ ನಡೆದದ್ದನ್ನು ಎಕ್‌ಬರ್ಟ್ ಮುದುಕನಾದ ಮೇಲೆ ಒಂದು ಮಠದಲ್ಲಿ ಹೇಳಿದ. ಸಂತರು ಏನೂ ಬೋಧಿಸಲಿಲ್ಲ. ಬೆನ್ನಿಗೆ ನೀರು ಹೊಯ್ದರು. ಹಳೆಯ ಗಾಯಗಳ ಮೇಲೆ ಕೈ ತಗ್ಗಿಸಿ ಹೊಯ್ದರು. ಹತ್ತೊಂಬತ್ತು ವರ್ಷಗಳ ಯುದ್ಧದಲ್ಲಿ ತಾನು ಕೊಂದವರ ಮುಖಗಳು ಅವನಿಗೆ ಒಂದೊಂದಾಗಿ ನೆನಪಾದವು. ಅವನು ಹೊರಬಂದಾಗ ಕಣ್ಣು ಕೆಂಪಾಗಿತ್ತು. ಹೊಗೆ ಜಾಸ್ತಿ ಎಂದು ಸವಾರರು ಅಂದುಕೊಂಡರು. ಅವನು ಹನ್ನೊಂದು ಹಗ್ಗಗಳನ್ನೂ ತನ್ನ ಕೈಯಿಂದಲೇ ಬಿಚ್ಚಿದ. ಮರುದಿನ ಕತ್ತಿಯನ್ನು ಕೋಟೆಗೆ ಕಳುಹಿಸಿ ತಾನು ಹಳ್ಳಿಯಲ್ಲೇ ಉಳಿದ. ಆ ಚಳಿಗಾಲವೆಲ್ಲ ಕೈರೆಯ ಸ್ನಾನದ ಮನೆಗೆ ನೀರು ಹೊತ್ತವನು ಅವನೇ.

ಸಂತರು ಇನ್ನೂ ಇಪ್ಪತ್ತಮೂರು ವರ್ಷ ಅಲ್ಲಿ ಬಾಳಿದರು. ಯಾರನ್ನೂ ನದಿಗೆ ಕರೆಯಲಿಲ್ಲ. ತಾವಾಗಿ ಬಂದವರನ್ನೂ ಯೋಚಿಸಿ ಬನ್ನಿರೆಂದು ಮೂರು ಸಲ ಹಿಂದಕ್ಕೆ ಕಳುಹಿಸುತ್ತಿದ್ದರು. ಲೆಮ್ಮೆ ಕೊನೆಯವರೆಗೂ ದೀಕ್ಷೆ ಕೇಳಲಿಲ್ಲ. ಅವಳ ನೀರನ್ನು ಅವರು ಕೊನೆಯವರೆಗೂ ಹೊತ್ತರು. ಮೆಲಿತ್ ನಾಲ್ಕನೆಯ ಸಲವೂ ಬಂದ. ಅವರ ಕಾಲದಲ್ಲಿ ಹಾಗೆ ಕೇಳಿ ದೀಕ್ಷಾಸ್ನಾನ ಪಡೆದವರು ಒಟ್ಟು ಒಂಬತ್ತು ಮಂದಿ.